ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇರುವಾಗ ಊರಿಗೆ ಹೋಗಿಬರಬಹುದೇ?

ಮದುವೆಯ ಆಧಾರದ ಮೇಲೆ ಅಮೆರಿಕದ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಕಾಯುತ್ತಿರುವವರು ಮತ್ತು ಊರಿನಲ್ಲಿರುವ ಅವರ ಹೆತ್ತವರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರಯಾಣದ ಬಗ್ಗೆಯೇ ಇವೆ. ಉತ್ತರಗಳಿಗೆ ಮೊದಲು ಒಂದು ವಿಷಯ ತಿಳಿದಿರಲಿ. ಇಲ್ಲಿ ಎರಡು ಬೇರೆ ಬೇರೆ ಫೈಲುಗಳಿರುತ್ತವೆ. ಗಂಡ ಹೆಂಡತಿಯ ಸಂಬಂಧವನ್ನು ತೋರಿಸಲು ಅಮೆರಿಕದ ಸಂಗಾತಿ ಹಾಕುವುದು ಐ-130. ಅಮೆರಿಕದ ಒಳಗೇ ಇದ್ದುಕೊಂಡು ಗ್ರೀನ್ ಕಾರ್ಡ್ ಪಡೆಯಲು ಇನ್ನೊಬ್ಬರು ಹಾಕುವುದು ಐ-485. ಪ್ರಯಾಣದಿಂದ ಐ-130ಕ್ಕೆ ಏನೂ ಆಗುವುದಿಲ್ಲ, ಐ-485ಕ್ಕೆ ಆಗುತ್ತದೆ. ಆದ್ದರಿಂದ ಟಿಕೆಟ್ ನೋಡುವ ಮೊದಲು ನಿಮ್ಮ ಹೆಸರಿನಲ್ಲಿ ಯಾವ ಫೈಲು ನಡೆಯುತ್ತಿದೆ, ವಾಪಸ್ ಬರುವ ದಿನ ವಿಮಾನ ನಿಲ್ದಾಣದಲ್ಲಿ ಯಾವ ಕಾಗದ ತೋರಿಸುತ್ತೀರಿ, ಈ ಎರಡನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಗಳು ಟೆಕ್ಸಾಸ್‌ನಲ್ಲಿ ಎಫ್-1 ವೀಸಾದಲ್ಲಿ ಓದುತ್ತಿದ್ದಾಗ ಅಮೆರಿಕದ ಪ್ರಜೆಯಾಗಿರುವ ಕನ್ನಡದ ಹುಡುಗನನ್ನು ಮದುವೆಯಾದಳು. ನಾಲ್ಕು ತಿಂಗಳ ಹಿಂದೆ ಐ-130, ಐ-485 ಎರಡನ್ನೂ ಒಟ್ಟಿಗೆ ಹಾಕಿದ್ದಾರೆ. ತಂಗಿಯ ಮದುವೆ ಹತ್ತಿರ ಬಂತು. ಎಫ್-1 ವೀಸಾದ ಅವಧಿ ಇನ್ನೂ ಎರಡು ವರ್ಷ ಇದೆ. ಅದರಲ್ಲೇ ಬಂದು ಹೋಗಬಹುದಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಐ-485 ಬಾಕಿ ಇರುವಾಗ ಅಡ್ವಾನ್ಸ್ ಪೆರೋಲ್ ಎಂಬ ಪ್ರಯಾಣ ಪತ್ರ ಕೈಯಲ್ಲಿಲ್ಲದೆ ಅಮೆರಿಕ ಬಿಟ್ಟರೆ, ಅರ್ಜಿಯನ್ನು ಕೈಬಿಟ್ಟಂತೆ ಎಂದು ಕಾನೂನೇ ಹೇಳುತ್ತದೆ. ವಿಮಾನ ಹತ್ತಿದ ದಿನಕ್ಕೇ ಆ ಫೈಲು ಮುಗಿಯಿತು. ಕಟ್ಟಿದ 1,440 ಡಾಲರ್ ಶುಲ್ಕವೂ ವಾಪಸ್ ಬರುವುದಿಲ್ಲ. ಎಚ್-1ಬಿ, ಎಲ್-1 ಎಂಬ ಕೆಲಸದ ವೀಸಾ, ಅವರ ಕುಟುಂಬದವರ ಎಚ್-4, ಎಲ್-2, ಹೀಗೆ ಕೆಲವೇ ವರ್ಗದವರಿಗೆ ಇದರಿಂದ ವಿನಾಯಿತಿ ಇದೆ. ಎಫ್-1 ಆ ಪಟ್ಟಿಯಲ್ಲಿಲ್ಲ. ಪ್ರವಾಸಿಗಳ ಬಿ-2, ವಿನಿಮಯ ಕಾರ್ಯಕ್ರಮದ ಜೆ-1 ಕೂಡ ಇಲ್ಲ. ಕೆ-1 ಎಂಬ ಭಾವಿ ಪತಿ-ಪತ್ನಿ ವೀಸಾದಲ್ಲಿ ಹೋಗಿ ಅಲ್ಲಿ ಮದುವೆಯಾದವರಿಗೂ ಇಲ್ಲ; ಆ ವೀಸಾ ಒಂದೇ ಪ್ರವೇಶಕ್ಕೆ ಕೊಟ್ಟದ್ದು, ಹಾಗಾಗಿ ಅವರಿಗೆ ವಾಪಸಾಗಲು ವೀಸಾವೇ ಉಳಿದಿರುವುದಿಲ್ಲ.

ಎಫ್-1ರಲ್ಲಿ ಇನ್ನೊಂದು ತೊಡಕಿದೆ. ಓದು ಮುಗಿಸಿ ಸ್ವದೇಶಕ್ಕೆ ಮರಳುವವರಿಗೆ ಕೊಡುವ ವೀಸಾ ಅದು. ಐ-485 ಹಾಕಿದವರು ಅಮೆರಿಕದಲ್ಲೇ ನೆಲೆಸುತ್ತೇನೆಂದು ಬರೆದುಕೊಟ್ಟಂತೆ. ಅಂಥವರು ಎಫ್-1 ತೋರಿಸಿ ಒಳಬರಲು ಹೋದರೆ ವಿಮಾನ ನಿಲ್ದಾಣದ ಅಧಿಕಾರಿಯ ಪರದೆಯ ಮೇಲೆ ಎರಡೂ ಕಾಣುತ್ತವೆ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್‌ನಲ್ಲಿ ಎಷ್ಟು ವರ್ಷ ಬಾಕಿ ಇದೆ ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮಗಳು ಈಗ ಮಾಡಬೇಕಾದದ್ದು, ಅಡ್ವಾನ್ಸ್ ಪೆರೋಲ್ ಕೇಳುವ ಐ-131 ಅರ್ಜಿ ಹಾಕಿದ್ದಾಳೆಯೇ ಎಂದು ನೋಡುವುದು. 2024ರ ಏಪ್ರಿಲ್ 1ಕ್ಕೆ ಮೊದಲು ಐ-485 ಶುಲ್ಕದಲ್ಲೇ ಇದೂ ಸೇರಿತ್ತು. ಅಂದಿನಿಂದ ಬೇರೆಯಾಗಿದೆ, ಕಾಗದದಲ್ಲಿ ಹಾಕಿದರೆ 630 ಡಾಲರ್. ಖರ್ಚು ಉಳಿಸಲು ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಇಂಥ ಹೊತ್ತಿನಲ್ಲಿ ಪರದಾಡುತ್ತಾರೆ. ಊರಿನಲ್ಲಿ ವಯಸ್ಸಾದ ಹೆತ್ತವರಿದ್ದರೆ ಐ-485 ಜೊತೆಗೇ ಇದನ್ನೂ ಹಾಕಿಬಿಡಿ. ಐ-485 ತಲುಪಿದ್ದಕ್ಕೆ ಬಂದ ಐ-797ಸಿ ರಸೀದಿಯ ಪ್ರತಿ, ಪಾಸ್‌ಪೋರ್ಟ್ ಪ್ರತಿ, ಎರಡು ಇಂಚು ಚದರದ ಎರಡು ಫೋಟೊ, ಪ್ರಯಾಣದ ಕಾರಣ, ಇಷ್ಟು ಲಗತ್ತಿಸಬೇಕು. ನಮೂನೆಗೆ ಹೊಸ ಆವೃತ್ತಿಗಳು ಬರುತ್ತಿರುತ್ತವೆ. ಹಳೆಯ ಆವೃತ್ತಿಯಲ್ಲಿ ತುಂಬಿ ಕಳಿಸಿದರೆ ಇಡೀ ಕಟ್ಟು ವಾಪಸ್ ಬರುತ್ತದೆ, ಆದ್ದರಿಂದ ಕಳಿಸುವ ದಿನವೇ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ತಾಣದಲ್ಲಿ ಆವೃತ್ತಿಯ ದಿನಾಂಕವನ್ನೂ ಶುಲ್ಕವನ್ನೂ ಇನ್ನೊಮ್ಮೆ ನೋಡಿಕೊಳ್ಳಲಿ.

ಅರ್ಜಿ ಹಾಕಿದ ರಸೀದಿ ಇದ್ದರೆ ಸಾಲದು. ಮಂಜೂರಾದ ಪತ್ರ ಅವಳ ಕೈ ಸೇರಿದ ಮೇಲೆಯೇ ಹೊರಡಬೇಕು. ‘ಈಗ ಹೊರಟುಬಿಡುತ್ತೇನೆ, ಪತ್ರ ಬಂದಾಗ ಗಂಡ ಕೊರಿಯರ್ ಮಾಡಲಿ’ ಎಂಬ ಯೋಚನೆ ಹಲವು ಮನೆಗಳಲ್ಲಿ ಬರುತ್ತದೆ. ಅದು ನಡೆಯುವುದಿಲ್ಲ. ಮಂಜೂರಾಗುವ ಮೊದಲೇ ದೇಶ ಬಿಟ್ಟರೆ ಐ-131 ಕೂಡ ಬಿದ್ದುಹೋಗುತ್ತದೆ. ಪತ್ರ ಬಂದಾಗ ಹೆಸರು, ಹುಟ್ಟಿದ ದಿನ, ಕೊನೆಯ ದಿನಾಂಕ ಮೂರನ್ನೂ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡಬೇಕು. ಆ ಕೊನೆಯ ದಿನಾಂಕದೊಳಗೆ ಅಮೆರಿಕದ ನೆಲ ಮುಟ್ಟಿರಬೇಕು. ಭಾರತ ಬಿಟ್ಟ ದಿನ ಅಲ್ಲಿ ಲೆಕ್ಕವಲ್ಲ.

ಒಂದು ವೇಳೆ ಯಾರಾದರೂ ತಿಳಿಯದೆ ಹೊರಟು ಬಂದುಬಿಟ್ಟಿದ್ದರೆ ಎಲ್ಲವೂ ಮುಗಿಯಿತೆಂದು ಎದೆಗುಂದಬೇಡಿ. ಐ-130 ಜೀವಂತವಾಗಿರುತ್ತದೆ. ಅದು ಮಂಜೂರಾದ ಮೇಲೆ ಮುಂಬೈ ದೂತಾವಾಸದ ದಾರಿಯಲ್ಲಿ ವಲಸೆ ವೀಸಾ ಪಡೆಯಬಹುದು. ಆದರೆ ಅಷ್ಟು ಕಾಲ ಗಂಡ ಅಲ್ಲಿ, ಹೆಂಡತಿ ಇಲ್ಲಿ.

ಪ್ರಶ್ನೆ: ತಂದೆಯವರು ಶಿವಮೊಗ್ಗದ ಆಸ್ಪತ್ರೆಯಲ್ಲಿ ಐಸಿಯುನಲ್ಲಿದ್ದಾರೆ. ನನ್ನ ಐ-131 ಹಾಕಿ ಎರಡು ತಿಂಗಳಾಯಿತು, ಏನೂ ಬಂದಿಲ್ಲ. ತುರ್ತಾಗಿ ಪಡೆಯುವ ದಾರಿ ಇದೆಯೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಇದೆ. ಇದಕ್ಕೆ ತುರ್ತು ಅಡ್ವಾನ್ಸ್ ಪೆರೋಲ್ ಎನ್ನುತ್ತಾರೆ. ಯುಎಸ್‌ಸಿಐಎಸ್ ಸಹಾಯವಾಣಿಗೆ ಕರೆ ಮಾಡಿ, ಯಂತ್ರದ ದನಿಗೆ ‘ಎಮರ್ಜೆನ್ಸಿ ಅಡ್ವಾನ್ಸ್ ಪೆರೋಲ್’ ಎಂದು ಹೇಳಿ, ಮನುಷ್ಯರ ಜೊತೆ ಮಾತಿಗೆ ಕೇಳಿ. ಅವರು ಕಾರಣ ಕೇಳಿ ನಿಮ್ಮ ಊರಿನ ಸ್ಥಳೀಯ ಕಚೇರಿಯಲ್ಲಿ ಭೇಟಿಯ ಸಮಯ ಗೊತ್ತುಮಾಡುತ್ತಾರೆ. ಭೇಟಿಯ ಸಮಯ ಇಲ್ಲದೆ ನೇರವಾಗಿ ಹೋದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಆನ್‌ಲೈನ್ ಖಾತೆಯಿದ್ದರೆ, ಬಾಕಿ ಇರುವ ಐ-131ನ್ನು ಬೇಗ ವಿಚಾರಿಸಿ ಎಂಬ ಕೋರಿಕೆಯನ್ನೂ ಅದೇ ದಿನ ಹಾಕಿಡಿ.

ಭೇಟಿಗೆ ಒಯ್ಯಬೇಕಾದವು: ಹೊಸದಾಗಿ ತುಂಬಿದ ಐ-131, ಹಳೆಯ ಐ-131 ಮತ್ತು ಐ-485 ರಸೀದಿಗಳು, ಪಾಸ್‌ಪೋರ್ಟ್, ಫೋಟೊ, ಶುಲ್ಕ. ಚೆಕ್ ಪುಸ್ತಕ ನಂಬಿ ಹೋಗಬೇಡಿ. 2025ರ ಅಕ್ಟೋಬರ್ 28ರಿಂದ ಕಾಗದದ ಚೆಕ್ಕನ್ನು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಿಲ್ಲ. ಕಾರ್ಡಿನಿಂದ ಕಟ್ಟುವುದಾದರೆ ಜಿ-1450 ನಮೂನೆ, ಅಮೆರಿಕದ ಬ್ಯಾಂಕ್ ಖಾತೆಯಿಂದಾದರೆ ಜಿ-1650.

ಕೆಲಸ ಆಗುವುದೂ ಕೆಡುವುದೂ ಆಸ್ಪತ್ರೆಯ ಪತ್ರದ ಮೇಲೆ. ‘ರೋಗಿ ನಮ್ಮಲ್ಲಿ ದಾಖಲಾಗಿದ್ದಾರೆ’ ಎಂಬ ಒಂದು ಸಾಲಿನ ಪತ್ರ ಸಾಲದು. ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಹೇಳಿ, ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ: ರೋಗಿಯ ಪೂರ್ತಿ ಹೆಸರು, ವಯಸ್ಸು, ದಾಖಲಾದ ದಿನ, ಕಾಯಿಲೆ, ಈಗಿನ ಸ್ಥಿತಿ ಎಷ್ಟು ಗಂಭೀರ, ಇಂಥ ಮಗ ಅಥವಾ ಮಗಳು ಬರುವುದು ಏಕೆ ಅಗತ್ಯ, ವೈದ್ಯರ ಸಹಿ, ನೋಂದಣಿ ಸಂಖ್ಯೆ, ಮೊಹರು, ದೂರವಾಣಿ. ಪತ್ರದ ದಿನಾಂಕ ಹೊಸದಿರಲಿ. ತಂದೆಯೆಂದು ತೋರಿಸಲು ನಿಮ್ಮ ಜನನ ಪ್ರಮಾಣಪತ್ರ, ಜೊತೆಗೆ ತಂದೆತಾಯಿಯ ಹೆಸರಿರುವ ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟ ಇರಲಿ. ಹೆಸರಿನ ಮುಂದಿನ ಇನಿಷಿಯಲ್ ಒಂದರಲ್ಲಿ ಬಿಡಿಸಿ, ಇನ್ನೊಂದರಲ್ಲಿ ಬಿಡಿಸದೆ ಬರೆದಿರುವುದು ನಮ್ಮವರಲ್ಲಿ ಸಾಮಾನ್ಯ. ಆಸ್ಪತ್ರೆಯವರಿಗೆ ಪಾಸ್‌ಪೋರ್ಟಿನಲ್ಲಿರುವ ಅಕ್ಷರವನ್ನೇ ಕಳಿಸಿ, ಅದರಂತೆಯೇ ಬರೆಸಿ.

ಕನ್ನಡದಲ್ಲಿ ಮಾತ್ರ ಇರುವ ಹಳೆಯ ಪತ್ರಗಳಿಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಎರಡೂ ಭಾಷೆ ನನಗೆ ಬರುತ್ತದೆ ಎಂದು ಅನುವಾದಕರು ಬರೆದು ಸಹಿ ಹಾಕಿದರೆ ಸಾಕು, ನೋಟರಿ ಕಡ್ಡಾಯವಲ್ಲ. ಎರಡೂ ಭಾಷೆ ಬಲ್ಲ ಗೆಳೆಯರೊಬ್ಬರು ರಾತ್ರಿಯೇ ಕೂತು ಮಾಡಿಕೊಡಬಹುದು.

ಮಂಜೂರಾತಿ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ತಂದೆತಾಯಿಯ ಗಂಭೀರ ಕಾಯಿಲೆ, ಸಾವು, ತುರ್ತು ಚಿಕಿತ್ಸೆ ಇವನ್ನು ಪರಿಗಣಿಸುತ್ತಾರೆ. ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಈ ದಾರಿ ಇಲ್ಲ.

ಪ್ರಶ್ನೆ: ನಾನು ಎಚ್-1ಬಿ, ಹೆಂಡತಿ ಎಚ್-4. ಕಂಪನಿಯ ಮೂಲಕ ಹಾಕಿದ ಐ-485ರಲ್ಲಿ ಅವಳದೂ ಬಾಕಿ ಇದೆ. ಇಬ್ಬರ ವೀಸಾ ಸ್ಟಾಂಪೂ ಮುಗಿದಿದೆ, ಅಡ್ವಾನ್ಸ್ ಪೆರೋಲ್ ಬಂದಿದೆ. ಒಂದು ತಿಂಗಳು ಮೈಸೂರಿಗೆ ಹೋಗಬೇಕು. ಸ್ಟಾಂಪಿಂಗ್ ಮಾಡಿಸುವುದೋ, ಪೆರೋಲ್‌ನಲ್ಲೇ ಬರುವುದೋ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಕಾನೂನಿನ ಪ್ರಕಾರ ಎರಡೂ ಸರಿ. ಒಂದೇ ತಿಂಗಳ ರಜೆಯಾದರೆ ಪೆರೋಲ್‌ನಲ್ಲಿ ಬನ್ನಿ ಎಂಬುದೇ ನಮ್ಮ ಸಲಹೆ.

ಕಾರಣ, ಭಾರತದಲ್ಲಿ ಈಗ ಸ್ಟಾಂಪಿಂಗ್, ಅಂದರೆ ದೂತಾವಾಸದಲ್ಲಿ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಿಕೊಳ್ಳುವುದು, ಯಾವಾಗ ಮುಗಿಯುತ್ತದೆ ಎಂದು ಹೇಳುವಂತಿಲ್ಲ. 2025ರ ಸೆಪ್ಟೆಂಬರ್‌ನಿಂದ ಎಚ್ ವೀಸಾ ನವೀಕರಣಕ್ಕೂ ಸಂದರ್ಶನ ಬೇಕಾಗಿದೆ. ಹಿಂದಿನಂತೆ ಕಾಗದ ಪೆಟ್ಟಿಗೆಗೆ ಹಾಕಿ ಬರುವ ಸೌಲಭ್ಯ ಹೋಯಿತು. ಅದೇ ತಿಂಗಳಿನಿಂದ ಸ್ವಂತ ದೇಶದಲ್ಲಿ ಇಲ್ಲವೇ ವಾಸವಿರುವ ದೇಶದಲ್ಲೇ ವೀಸಾ ಕೇಳಬೇಕೆಂಬ ನಿಯಮ ಬಂದು ಮೂರನೇ ದೇಶದ ದಾರಿಯೂ ಕಿರಿದಾಯಿತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ನೋಡಲು ತೊಡಗಿದರು. ಆ ತಿಂಗಳು ಸಂದರ್ಶನವಿದ್ದ ಎಷ್ಟೋ ಜನರ ದಿನಾಂಕ 2026ರ ಮಾರ್ಚ್‌ಗೂ ಅದರಾಚೆಗೂ ಹೋಯಿತು. ಹದಿನೈದು ದಿನದ ರಜೆಗೆಂದು ಬಂದವರು ಕೆಲಸವನ್ನೂ ಮಕ್ಕಳ ಶಾಲೆಯನ್ನೂ ಅಲ್ಲೇ ಬಿಟ್ಟು ಊರಿನಲ್ಲಿ ಉಳಿಯಬೇಕಾಯಿತು. ಮೈಸೂರಿನಿಂದ ಹೊರಟರೂ ನೀವು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸಕ್ಕೆ 2025ರ ಜನವರಿಯಲ್ಲಿ ಜಾಗ ಘೋಷಿಸಿದರೂ ಆಗ ವೀಸಾ ಸೇವೆ ಆರಂಭಿಸಲಿಲ್ಲ.

‘ಎರಡನ್ನೂ ಇಟ್ಟುಕೊಳ್ಳುತ್ತೇನೆ, ಸ್ಟಾಂಪ್ ತಡವಾದರೆ ಪೆರೋಲ್‌ನಲ್ಲಿ ಬರುತ್ತೇನೆ’ ಎಂಬ ಲೆಕ್ಕಾಚಾರದಲ್ಲೂ ಒಂದು ತೂತಿದೆ. ಸಂದರ್ಶನದ ನಂತರ ಪಾಸ್‌ಪೋರ್ಟ್ ದೂತಾವಾಸದಲ್ಲೇ ಉಳಿದು, 221(ಜಿ) ಎಂಬ ಹೆಚ್ಚುವರಿ ಪರಿಶೀಲನೆಗೆ ಹೋದರೆ, ಪೆರೋಲ್ ಪತ್ರ ಕೈಯಲ್ಲಿದ್ದರೂ ವಿಮಾನ ಹತ್ತಲು ಪಾಸ್‌ಪೋರ್ಟ್ ಇರುವುದಿಲ್ಲ.

ಪೆರೋಲ್‌ನಲ್ಲಿ ಬಂದರೆ ಎಚ್-1ಬಿ ಕೆಲಸ ಹೋಗುತ್ತದೆಯೇ ಎಂಬ ಭಯ ಬಹಳ ಜನರಿಗಿದೆ. ಒಳಬಂದ ಕೂಡಲೇ ನೀವು ಪೆರೋಲಿ ಆಗುತ್ತೀರಿ, ನಿಜ. ನಿಮ್ಮ ಪ್ರವೇಶದ ದಾಖಲೆಯಾದ ಐ-94ರಲ್ಲಿ ‘ಡಿಎ’ ಎಂದು ಬರುತ್ತದೆ. ಆದರೆ ಎಚ್-1ಬಿ ಅನುಮತಿಯ ಅವಧಿ ಇದ್ದು ಅದೇ ಕಂಪನಿಗೆ ಮರಳಿದರೆ ಕೆಲಸ ಮುಂದುವರಿಸಬಹುದು. 2000ನೇ ಇಸವಿಯ ಸರ್ಕಾರಿ ಸುತ್ತೋಲೆಯಿಂದಲೂ ಹೀಗೇ ನಡೆದು ಬಂದಿದೆ. ಮುಂದೆ ಕಂಪನಿ ಎಚ್-1ಬಿ ವಿಸ್ತರಣೆ ಹಾಕಿ ಅದು ಮಂಜೂರಾದಾಗ ಮತ್ತೆ ಎಚ್-1ಬಿ ಸ್ಥಿತಿಗೆ ಬರುತ್ತೀರಿ. ಹಾಗಾಗಿ ವಿಸ್ತರಣೆಯ ದಿನಾಂಕ ತಪ್ಪಿಸಬೇಡಿ. ಯಾವ ಕಾರಣಕ್ಕೋ ಐ-485 ತಿರಸ್ಕಾರವಾದರೆ ಕಾಲೂರಲು ಎಚ್-1ಬಿಯೇ ಗತಿ.

ಪೆರೋಲ್ ಇನ್ನೂ ಬಂದಿಲ್ಲದ, ಆದರೆ ಎಚ್ ಸ್ಟಾಂಪ್ ಚಾಲ್ತಿಯಲ್ಲಿರುವ ಓದುಗರಿಗೆ: ನೀವು ಹೊರಟರೆ ಐ-485ಕ್ಕೆ ಏನೂ ಆಗುವುದಿಲ್ಲ, ಐ-131 ಮಾತ್ರ ಬಿದ್ದುಹೋಗುತ್ತದೆ, ಮತ್ತೆ ಶುಲ್ಕ ಕಟ್ಟಿ ಹಾಕಬೇಕು. ಎಚ್-1ಬಿ ಕಂಪನಿ ಬಿಟ್ಟು ಐ-485ರ ಕೆಲಸದ ಕಾರ್ಡಿನ ಮೇಲೆ ಬೇರೆ ಕಡೆ ದುಡಿಯುತ್ತಿರುವವರು ಮಾತ್ರ ಎಚ್ ವಿನಾಯಿತಿಯನ್ನು ಕಳೆದುಕೊಂಡಿರುತ್ತಾರೆ. ಅವರಿಗೆ ಪೆರೋಲ್ ಬೇಕೇ ಬೇಕು. ಐ-485 ಹಾಕಿದ ಮಕ್ಕಳಿದ್ದರೆ ಒಬ್ಬೊಬ್ಬರಿಗೂ ಬೇರೆ ಪತ್ರ ಬೇಕು, ತಾಯಿಯ ಪತ್ರದಲ್ಲಿ ಮಗು ಬರುವಂತಿಲ್ಲ.

ಪ್ರಶ್ನೆ: ಪೆರೋಲ್‌ನಲ್ಲಿ ಬರುವಾಗ ವಿಮಾನ ನಿಲ್ದಾಣದಲ್ಲಿ ಏನು ಕೇಳುತ್ತಾರೆ?
– ಓದುಗರು, ಮಂಗಳೂರು

ಉತ್ತರ: ಸಾಮಾನ್ಯವಾಗಿ ಸಾಲಿನಿಂದ ಪಕ್ಕದ ಕೋಣೆಗೆ ಕಳಿಸುತ್ತಾರೆ. ಅದು ಆರೋಪವಲ್ಲ, ಪೆರೋಲ್ ದಾಖಲಿಸುವ ಕ್ರಮ. ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಅಂತರ ಇಟ್ಟುಕೊಂಡಿರಿ. ಪೆರೋಲ್ ಪತ್ರದ ಮೂಲ ಪ್ರತಿ, ಐ-485 ರಸೀದಿ, ಮದುವೆ ನೋಂದಣಿ ಪತ್ರದ ಪ್ರತಿ ಕೈಚೀಲದಲ್ಲಿರಲಿ. ಸೂಟ್‌ಕೇಸಿನಲ್ಲಿಟ್ಟರೆ ಆ ಹೊತ್ತಿಗೆ ಸಿಗುವುದಿಲ್ಲ. ಮುದ್ರೆ ಒತ್ತಿದ ಪತ್ರವನ್ನು ಕೇಳಿ ವಾಪಸ್ ಪಡೆಯಿರಿ, ಅವಧಿ ಇದ್ದರೆ ಮುಂದಿನ ಪ್ರಯಾಣಕ್ಕೂ ಅದೇ ಬೇಕು. ಮನೆ ತಲುಪಿದ ಮೇಲೆ ಐ-94 ತಾಣದಲ್ಲಿ ನಿಮ್ಮ ದಾಖಲೆ ತೆಗೆದು, ಹೆಸರು, ವರ್ಗ, ದಿನಾಂಕ ನೋಡಿ. 2025ರಲ್ಲಿ ಪೆರೋಲ್ ಮೇಲೆ ಹೊಸ ಶುಲ್ಕ ಬಂದಿದೆ. ಐ-485 ಬಾಕಿ ಇದ್ದು ಅಡ್ವಾನ್ಸ್ ಪೆರೋಲ್‌ನಲ್ಲಿ ಮರಳುವವರಿಗೆ ಅದರಿಂದ ವಿನಾಯಿತಿ ಇದೆ. ರಸೀದಿಯನ್ನು ಮರೆಯಬಾರದು ಎಂಬುದಕ್ಕೆ ಅದೂ ಒಂದು ಕಾರಣ.

ಪೆರೋಲ್ ಇದ್ದರೂ ಒಳಗೆ ಬಿಡುವುದು ಖಚಿತವಲ್ಲ ಎಂಬುದು ಮನಸ್ಸಿನಲ್ಲಿರಲಿ. ಹಿಂದೆ ಪೊಲೀಸ್ ಪ್ರಕರಣ, ಗಡೀಪಾರು ಆದೇಶ ಇರುವವರು ವಕೀಲರನ್ನು ಕೇಳದೆ ಹೊರಡಲೇಬಾರದು. ಗಡೀಪಾರು ಆದೇಶ ಇದ್ದವರು ತಾವಾಗಿ ಹೊರಟರೂ ಆ ಆದೇಶ ಜಾರಿಯಾದಂತೆಯೇ.

ಪ್ರಶ್ನೆ: ವೀಸಾ ಅವಧಿ ಮುಗಿದ ಮೇಲೂ ಒಂದೂವರೆ ವರ್ಷ ಅಲ್ಲೇ ಉಳಿದು, ಆಮೇಲೆ ಪ್ರಜೆಯನ್ನು ಮದುವೆಯಾಗಿ ಐ-485 ಹಾಕಿದ್ದೇನೆ. ಪೆರೋಲ್ ಬಂದಿದೆ. ಹೊರಗೆ ಹೋದರೆ ಹತ್ತು ವರ್ಷ ನಿಷೇಧ ಬೀಳುತ್ತದೆಯೇ?
– ಹೆಸರು, ಊರು ಬೇಡ

ಉತ್ತರ: ಅನಧಿಕೃತವಾಗಿ 180 ದಿನ ಮೀರಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದು ಹೊರಟರೆ ಹತ್ತು ವರ್ಷ ಪ್ರವೇಶ ನಿಷೇಧ, ಇದು ಮೂಲ ನಿಯಮ. ಅರಬಲ್ಲಿ ಮತ್ತು ಎರಬೆಲ್ಲಿ ಎಂಬ ಭಾರತೀಯ ದಂಪತಿಯ ಪ್ರಕರಣದಲ್ಲಿ 2012ರಲ್ಲಿ ವಲಸೆ ಮೇಲ್ಮನವಿ ಮಂಡಳಿ, ಅಡ್ವಾನ್ಸ್ ಪೆರೋಲ್ ಪಡೆದು ಹೋಗಿಬಂದದ್ದು ಹತ್ತು ವರ್ಷದ ನಿಷೇಧ ತರುವ ನಿರ್ಗಮನವಲ್ಲ ಎಂದು ತೀರ್ಪು ಕೊಟ್ಟಿತು. ನಿಮ್ಮಂಥವರಿಗೆ ಆಸರೆಯಾಗಿರುವುದು ಅದೇ. ಆದರೂ ನಿಮ್ಮ ಸ್ಥಿತಿಯಲ್ಲಿ ಪೆರೋಲ್ ಬಿಟ್ಟರೆ ವಾಪಸಾಗಲು ಬೇರೆ ಯಾವ ಕಾಗದವೂ ಇಲ್ಲ. ಹೊರಗಿದ್ದಾಗ ಐ-485 ತಿರಸ್ಕಾರವಾದರೆ ಪೆರೋಲ್‌ನ ಆಧಾರವೇ ಕುಸಿಯುತ್ತದೆ. ಅನಿವಾರ್ಯವಲ್ಲದ ಪ್ರಯಾಣವನ್ನು ಕಾರ್ಡ್ ಬರುವವರೆಗೆ ಮುಂದೂಡಿ.

ಪ್ರಶ್ನೆ: ಗಂಡ ಅಮೆರಿಕದ ಪ್ರಜೆ, ಐ-130 ಹಾಕಿದ್ದಾರೆ. ನಾನು ಹುಬ್ಬಳ್ಳಿಯಲ್ಲಿದ್ದೇನೆ. ಹತ್ತು ವರ್ಷದ ಬಿ-2 ಪ್ರವಾಸಿ ವೀಸಾ ಮೊದಲೇ ಇದೆ. ಅವರನ್ನು ನೋಡಿಕೊಂಡು ಬರಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಐ-130 ಬಾಕಿ ಇದ್ದವರು ಪ್ರವಾಸಿಯಾಗಿ ಹೋಗಬಾರದೆಂಬ ನಿಷೇಧ ಕಾನೂನಿನಲ್ಲಿಲ್ಲ. ಆದರೆ ವಾಪಸ್ ಬರುತ್ತೀರೆಂದು ಅಧಿಕಾರಿಗೆ ಮನವರಿಕೆ ಮಾಡಬೇಕಾದವರು ನೀವು. ಹುಬ್ಬಳ್ಳಿಯಲ್ಲಿ ಕೆಲಸವಿದ್ದರೆ ರಜೆ ಮಂಜೂರಾದ ಪತ್ರ, ಮರಳುವ ದಿನದ ಟಿಕೆಟ್, ಬಾಕಿ ಇರುವ ಐ-130 ರಸೀದಿ, ಮುಂಬೈಯಲ್ಲೇ ವಲಸೆ ವೀಸಾ ಪಡೆಯುತ್ತೇನೆಂದು ತೋರಿಸುವ ಪತ್ರವ್ಯವಹಾರ ಜೊತೆಗಿರಲಿ. ಎರಡು ಮೂರು ವಾರದ ಪ್ರವಾಸ ನಂಬುವಂತಿರುತ್ತದೆ, ಐದು ತಿಂಗಳದ್ದು ಇರುವುದಿಲ್ಲ. ಮದುವೆ ಸೀರೆ, ಪಾತ್ರೆಪಗಡ, ಪದವಿ ಪ್ರಮಾಣಪತ್ರಗಳ ಮೂಲ ಪ್ರತಿ ತುಂಬಿದ ನಾಲ್ಕು ಪೆಟ್ಟಿಗೆ ನೋಡಿದರೆ ಯಾವ ಅಧಿಕಾರಿಯೂ ಪ್ರವಾಸ ಎನ್ನುವುದಿಲ್ಲ.

ಯಾರನ್ನು ನೋಡಲು ಬಂದಿರಿ ಎಂದು ಕೇಳಿದರೆ ‘ಗಂಡನನ್ನು’ ಎಂದೇ ಹೇಳಿ. ಗೆಳೆಯ, ಬಂಧು ಎಂದು ಮರೆಸಿದರೆ ಅದು ಸುಳ್ಳು ಹೇಳಿಕೆಯಾಗಿ ದಾಖಲಾಗುತ್ತದೆ, ಅದಕ್ಕೆ ಶಾಶ್ವತ ನಿಷೇಧದ ಶಿಕ್ಷೆಯಿದೆ, ವಲಸೆ ವೀಸಾಕ್ಕೂ ಅದೇ ಅಡ್ಡ ಬರುತ್ತದೆ. ಸ್ಥಳದಲ್ಲೇ ತೆಗೆದುಹಾಕುವ ಆದೇಶ ಕೊಟ್ಟರೆ ಐದು ವರ್ಷ ಪ್ರವೇಶವಿಲ್ಲ. ಹೊಸದಾಗಿ ಬಿ-2 ಕೇಳುವವರಿಗೆ ಡಿಎಸ್-160 ಎಂಬ ವೀಸಾ ಅರ್ಜಿಯ ನಮೂನೆಯಲ್ಲೇ ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂಬ ಪ್ರಶ್ನೆ ಇದೆ. ಹೌದು ಎಂದೇ ಬರೆಯಬೇಕು. ಅಂಥ ಅರ್ಜಿಗಳು, ಮರಳುತ್ತಾರೆಂದು ಮನವರಿಕೆಯಾಗದವರಿಗೆ ವೀಸಾ ನಿರಾಕರಿಸುವ 214(ಬಿ) ಕಲಮಿನ ಅಡಿಯಲ್ಲಿ ತಿರಸ್ಕಾರವಾಗುವುದೇ ಹೆಚ್ಚು.

‘ಪ್ರವಾಸಿಯಾಗಿ ಹೋಗಿ ಅಲ್ಲೇ ಐ-485 ಹಾಕಿಬಿಡಿ’ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಆ ಉದ್ದೇಶ ಇಟ್ಟುಕೊಂಡೇ ಪ್ರವಾಸಿ ಎಂದು ಹೇಳಿ ಒಳಹೋಗುವುದು ವಂಚನೆ. ಬಂದ 90 ದಿನದೊಳಗೆ ಹೇಳಿದ್ದಕ್ಕೆ ವಿರುದ್ಧವಾಗಿ ನಡೆದುಕೊಂಡರೆ ಮೊದಲೇ ಸುಳ್ಳು ಹೇಳಿದ್ದಾರೆಂದು ವಿದೇಶಾಂಗ ಇಲಾಖೆ ಊಹಿಸುತ್ತದೆ. ದಯವಿಟ್ಟು ಈ ಸಲಹೆ ಕೇಳಬೇಡಿ.

ನಿಮ್ಮ ಗಂಡ ಇಲ್ಲಿಗೆ ಬಂದು ಹೋಗಲು ಯಾವ ಅಡ್ಡಿಯೂ ಇಲ್ಲ. ಪ್ರಜೆಯಾದವರು ಎಷ್ಟು ಸಲ, ಎಷ್ಟು ದಿನ ಬಂದರೂ ಐ-130ಕ್ಕೆ ಧಕ್ಕೆಯಿಲ್ಲ. ಒಂದು ಎಚ್ಚರಿಕೆ ಮಾತ್ರ: ನಿಮ್ಮ ಖರ್ಚಿಗೆ ಜವಾಬ್ದಾರಿ ಹೊರುವ ಐ-864 ಪತ್ರಕ್ಕೆ ಅವರ ನೆಲೆ ಅಮೆರಿಕದಲ್ಲಿರಬೇಕು. ವರ್ಷಗಟ್ಟಲೆ ಹುಬ್ಬಳ್ಳಿಯಲ್ಲಿದ್ದವರಾದರೆ ಬಾಡಿಗೆ ಕರಾರು, ಕೆಲಸದ ಪತ್ರ, ಬ್ಯಾಂಕ್ ಖಾತೆಗಳಿಂದ ಅಲ್ಲಿ ಮತ್ತೆ ನೆಲೆಸುವುದನ್ನು ತೋರಿಸಬೇಕಾಗುತ್ತದೆ. ಜೊತೆಯಾಗಿ ಕಳೆದ ಈ ಭೇಟಿಗಳ ಟಿಕೆಟ್, ಫೋಟೊ, ಪಾಸ್‌ಪೋರ್ಟಿನ ಮುದ್ರೆಗಳನ್ನು ಜೋಪಾನ ಮಾಡಿ. ಮದುವೆ ನಿಜವೆಂದು ಸಂದರ್ಶನದಲ್ಲಿ ತೋರಿಸಲು ಅವೇ ಒಳ್ಳೆಯ ಸಾಕ್ಷಿ.

ಪ್ರಶ್ನೆ: ಗಂಡ ಪ್ರಜೆಯಲ್ಲ, ಗ್ರೀನ್ ಕಾರ್ಡ್‌ದಾರ. ನನ್ನ ವೀಸಾ ಬರುವವರೆಗೆ ಬೆಂಗಳೂರಿನಲ್ಲೇ ನನ್ನ ಜೊತೆ ಇರಬಹುದೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲಿ ಎಚ್ಚರ ಹೆಚ್ಚು ಬೇಕು. ಅವರ ಕಾರ್ಡಿಗೆ ಕುತ್ತು ಬಂದರೆ ನಿಮ್ಮ ಅರ್ಜಿಯೂ ಮುಳುಗುತ್ತದೆ. ಆರು ತಿಂಗಳು ಮೀರಿದರೆ ಪ್ರಶ್ನೆಗಳು ಶುರುವಾಗುತ್ತವೆ. ಒಂದು ವರ್ಷ ತುಂಬಿದರೆ ಬರೀ ಗ್ರೀನ್ ಕಾರ್ಡ್ ತೋರಿಸಿ ಮರಳುವಂತಿಲ್ಲ. ಹೆಚ್ಚು ಕಾಲ ಇರಲೇಬೇಕಾದರೆ ರೀ-ಎಂಟ್ರಿ ಪರ್ಮಿಟ್ ಬೇಕು. ಅದೂ ಐ-131 ನಮೂನೆಯಲ್ಲೇ, ಸಾಮಾನ್ಯವಾಗಿ ಎರಡು ವರ್ಷಕ್ಕೆ. ಅರ್ಜಿ ಹಾಕುವಾಗ ಅವರು ಅಮೆರಿಕದ ನೆಲದ ಮೇಲಿರಬೇಕು, ಬೆರಳಚ್ಚಿಗೂ ಅಲ್ಲೇ ಹಾಜರಾಗಬೇಕು. ಬೆಂಗಳೂರಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಅಲ್ಲಿನ ಆದಾಯ ತೆರಿಗೆ ವಿವರವನ್ನು ನಿವಾಸಿಯಾಗಿಯೇ ಸಲ್ಲಿಸುತ್ತಿರಲಿ.

ಪರ್ಮಿಟ್ ಕಾರ್ಡನ್ನು ಕಾಯುತ್ತದೆ, ಪೌರತ್ವಕ್ಕೆ ಬೇಕಾದ ನಿರಂತರ ವಾಸವನ್ನು ಕಾಯುವುದಿಲ್ಲ. ನಿಮ್ಮ ಅರ್ಜಿ ಗ್ರೀನ್ ಕಾರ್ಡ್‌ದಾರರ ಸಂಗಾತಿ, ಮಕ್ಕಳಿಗಿರುವ ಎಫ್2ಎ ಸರದಿಯಲ್ಲಿದೆ. ಅವರು ಪ್ರಜೆಯಾದ ದಿನ ನೀವು ಸರದಿಯಿಂದ ಹೊರಬಂದು ಮಿತಿಯಿಲ್ಲದ ವರ್ಗಕ್ಕೆ ಸೇರುತ್ತೀರಿ. ಹಾಗಾಗಿ ಪೌರತ್ವದ ದಿನ ಹತ್ತಿರವಿದ್ದರೆ ಅವರು ಅಲ್ಲಿರುವುದೇ ಇಬ್ಬರಿಗೂ ಲಾಭ. ಇದರಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಎಫ್2ಎಯಲ್ಲಿ ನಿಮ್ಮ ಅರ್ಜಿಯೊಳಗೇ ಸೇರಿದ್ದ ಮಕ್ಕಳು, ತಂದೆ ಪ್ರಜೆಯಾದ ಕೂಡಲೇ ಅದರಿಂದ ಹೊರಬೀಳುತ್ತಾರೆ. ಪ್ರತಿ ಮಗುವಿಗೂ ಬೇರೆ ಐ-130 ಹಾಕಬೇಕು.

ಪ್ರಶ್ನೆ: ನಯಾಗರ ಜಲಪಾತವನ್ನು ಕೆನಡಾ ಕಡೆಯಿಂದ ನೋಡಿ ಸಂಜೆಗೆ ಮರಳಿದರೆ? ಐ-485 ಬಾಕಿ ಇದೆ, ಪೆರೋಲ್ ಇಲ್ಲ.
– ಓದುಗರು, ನ್ಯೂಯಾರ್ಕ್

ಉತ್ತರ: ಒಂದು ಗಂಟೆಯ ಮಟ್ಟಿಗೆ ಹೋದರೂ ದೇಶ ಬಿಟ್ಟಂತೆಯೇ. ಬಹಾಮಾಸ್ ಮುಟ್ಟಿ ಬರುವ ಹಡಗಿನ ಪ್ರವಾಸಕ್ಕೂ ಇದೇ ಮಾತು. ಹವಾಯಿ, ಪೋರ್ಟೊ ರಿಕೊ ಅಮೆರಿಕವೇ, ಅಲ್ಲಿಗೆ ನೇರ ವಿಮಾನದಲ್ಲಿ ಹೋಗಬಹುದು.

ಪ್ರಶ್ನೆ: ಪ್ರಯಾಣದಲ್ಲಿದ್ದಾಗಲೇ ಬೆರಳಚ್ಚು ಅಥವಾ ಸಂದರ್ಶನದ ಪತ್ರ ಬಂದರೆ?
– ಓದುಗರು, ತುಮಕೂರು

ಉತ್ತರ: ಹೇಳದೆ ತಪ್ಪಿಸಿಕೊಂಡರೆ ಅರ್ಜಿ ಕೈಬಿಟ್ಟಂತೆ ಆಗಬಹುದು. ಬೆರಳಚ್ಚಿನ ದಿನವನ್ನು ಆನ್‌ಲೈನ್ ಖಾತೆಯಲ್ಲೇ, ನಿಗದಿಯಾದ ಸಮಯಕ್ಕೆ 12 ಗಂಟೆ ಮೊದಲೇ ಬದಲಿಸಿಕೊಳ್ಳಬಹುದು. ಸಂದರ್ಶನಕ್ಕೆ ಗಂಡ ಹೆಂಡತಿ ಇಬ್ಬರೂ ಹಾಜರಿರಬೇಕು. ಅಂಚೆ ಪೆಟ್ಟಿಗೆ ತೆರೆದು ಫೋಟೊ ಕಳಿಸುವ ನಂಬಿಕೆಯವರೊಬ್ಬರನ್ನು ಗೊತ್ತುಮಾಡದೆ ಹೊರಡಬೇಡಿ. ಮನೆ ಬದಲಿಸಿದ್ದರೆ ಹತ್ತು ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆ ನಮೂನೆಯ ಮೂಲಕ ತಿಳಿಸಿರಬೇಕು; ಹಳೆಯ ವಿಳಾಸಕ್ಕೆ ಹೋದ ಪತ್ರ ‘ಬರಲೇ ಇಲ್ಲ’ ಎಂದರೆ ಒಪ್ಪುವುದಿಲ್ಲ.

ಪ್ರಶ್ನೆ: ಮುಂಬೈಯಲ್ಲಿ ಸೊಸೆಗೆ ವಲಸೆ ವೀಸಾ ಸಿಕ್ಕಿತು. ಆಷಾಢ ಕಳೆದು ಕಳಿಸೋಣವೆಂದಿದ್ದೇವೆ. ತಡಮಾಡಬಹುದೇ?
– ಓದುಗರು, ಉಡುಪಿ

ಉತ್ತರ: ವೀಸಾದ ಮೇಲಿನ ಕೊನೆಯ ದಿನಾಂಕ ನೋಡಿ. ವೈದ್ಯಕೀಯ ತಪಾಸಣೆಗೆ ಹೊಂದಿಕೊಂಡು ಸಾಮಾನ್ಯವಾಗಿ ಆರು ತಿಂಗಳೊಳಗೆ ಇರುತ್ತದೆ. ಅದರೊಳಗೆ ಯಾವಾಗ ಹೋದರೂ ಸರಿ. ಮದುವೆಯಾಗಿ ಎರಡು ವರ್ಷ ತುಂಬಲು ಕೆಲವೇ ವಾರ ಬಾಕಿ ಇದ್ದರೆ ಕಾಯುವುದೇ ಒಳ್ಳೆಯದು. ಒಳಹೋಗುವ ದಿನಕ್ಕೆ ಎರಡು ವರ್ಷ ಆಗಿರದಿದ್ದರೆ ಎರಡೇ ವರ್ಷದ ಷರತ್ತಿನ ಕಾರ್ಡ್ ಬರುತ್ತದೆ, ಅದು ಮುಗಿಯುವ ಮೊದಲಿನ 90 ದಿನದಲ್ಲಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ತುಂಬಿದ ಮೇಲೆ ಹೋದರೆ ಹತ್ತು ವರ್ಷದ ಕಾರ್ಡ್. ವೀಸಾದಲ್ಲಿ ಷರತ್ತಿನ ವರ್ಗವಾದ ಸಿಆರ್1 ಎಂದು ಮುದ್ರಿಸಿದ್ದರೂ, ಮದುವೆ ಪತ್ರ ತೋರಿಸಿ ಷರತ್ತಿಲ್ಲದ ಐಆರ್1 ಎಂದು ದಾಖಲಿಸಿ ಎಂದು ಪ್ರವೇಶದಲ್ಲೇ ಕೇಳಿ. ಹೊರಡುವ ಮೊದಲು ಯುಎಸ್‌ಸಿಐಎಸ್‌ನ 235 ಡಾಲರ್ ವಲಸೆ ಶುಲ್ಕ ಆನ್‌ಲೈನ್‌ನಲ್ಲಿ ಕಟ್ಟಿರಲಿ, ಕಟ್ಟದಿದ್ದರೆ ಕಾರ್ಡ್ ಮುದ್ರಣವಾಗುವುದಿಲ್ಲ.

ಐ-751 ಬಾಕಿ ಇರುವಾಗ ಊರಿಗೆ ಬರುವವರು ಅವಧಿ ಮುಗಿದ ಕಾರ್ಡ್ ಮತ್ತು ಅದನ್ನು 48 ತಿಂಗಳು ವಿಸ್ತರಿಸಿದ ಐ-797 ರಸೀದಿಯ ಮೂಲ ಪ್ರತಿ ಎರಡನ್ನೂ ತರಬೇಕು. ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಬರೀ ಮುಗಿದ ಕಾರ್ಡ್ ತೋರಿಸಿದರೆ ತಡೆಯುತ್ತಾರೆ.

ಪ್ರಶ್ನೆ: ಇಂಗ್ಲೆಂಡ್, ಕೆನಡಾಗಳಲ್ಲೂ ಇದೇ ನಿಯಮವೇ?
– ಓದುಗರು, ಬೆಳಗಾವಿ

ಉತ್ತರ: ಬೇರೆ ಬೇರೆ. ಬ್ರಿಟನ್ನಿನ ಒಳಗಿದ್ದು ಸಂಗಾತಿ ವೀಸಾಕ್ಕೋ ಅದರ ವಿಸ್ತರಣೆಗೋ ಅರ್ಜಿ ಹಾಕಿದವರು ತೀರ್ಮಾನಕ್ಕೆ ಮೊದಲೇ ಹೊರಟರೆ, ಹೊರಟ ದಿನಕ್ಕೇ ಅರ್ಜಿ ಹಿಂತೆಗೆದುಕೊಂಡಂತೆ ಆಗುತ್ತದೆ. ಅಡ್ವಾನ್ಸ್ ಪೆರೋಲ್‌ನಂಥ ಪತ್ರ ಅಲ್ಲಿಲ್ಲ. ಐರ್ಲೆಂಡ್ ಮಾತ್ರ ಅವರ ಸಾಮಾನ್ಯ ಪ್ರಯಾಣ ವಲಯದೊಳಗಿದೆ, ಅಲ್ಲಿಗೆ ಹೋದರೆ ಹೀಗೆ ಹೊರಟಂತೆ ಅಲ್ಲ.

ಕೆನಡಾದಲ್ಲಿ ಎರಡು ದಾರಿಗಳಿವೆ. ಒಳಗಿನ ದಂಪತಿ ವರ್ಗದಲ್ಲಿ ಹಾಕಿದವರು ಹೊರಗೆ ಹೋದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಆದರೆ ಸಂಗಾತಿಯ ಜೊತೆ ಕೆನಡಾದಲ್ಲಿ ವಾಸವಿರಬೇಕೆಂಬ ಷರತ್ತಿದೆ, ಮರಳುವಾಗ ವೀಸಾ ಸಿಗದೆ ಹೊರಗುಳಿದರೆ ಅರ್ಜಿಯೂ ನಿಲ್ಲುವುದಿಲ್ಲ, ಮೇಲ್ಮನವಿಯ ಹಕ್ಕೂ ಆ ವರ್ಗಕ್ಕಿಲ್ಲ. ಫ್ಯಾಮಿಲಿ ಕ್ಲಾಸ್ ಎಂಬ ಇನ್ನೊಂದು ವರ್ಗದಲ್ಲಿ ಕೆನಡಾದೊಳಗಿರುವವರೂ ಅರ್ಜಿ ಹಾಕಬಹುದು, ಪ್ರಯಾಣಕ್ಕೆ ಅಡ್ಡಿ ಕಡಿಮೆ, ಮೇಲ್ಮನವಿಯೂ ಇದೆ. ವರ್ಷಕ್ಕೊಮ್ಮೆಯಾದರೂ ಬೆಳಗಾವಿಗೆ ಬರಬೇಕಾದವರು ಅರ್ಜಿ ತುಂಬುವ ಮೊದಲೇ ಈ ಎರಡನೆಯದನ್ನು ಆರಿಸಿಕೊಳ್ಳುವುದು ಮೇಲು. ಅಲ್ಲಿ ಪ್ರಾಯೋಜಕರು, ಅಂದರೆ ಕರೆಸಿಕೊಳ್ಳುವ ಸಂಗಾತಿ, ಕಾಯಂ ನಿವಾಸಿಯಾಗಿದ್ದರೆ ಅವರು ಕೆನಡಾದಲ್ಲೇ ವಾಸವಿರಬೇಕು. ಪ್ರಜೆಯಾಗಿದ್ದರೆ ಹೊರಗಿನಿಂದಲೂ ಅರ್ಜಿ ಹಾಕಬಹುದು, ಸಂಗಾತಿಗೆ ಕಾಯಂ ವಾಸ ಸಿಕ್ಕ ಮೇಲೆ ಅಲ್ಲಿಗೆ ಮರಳಿ ನೆಲೆಸುವುದನ್ನು ತೋರಿಸಬೇಕು.